ಎಂಜಿನಿಯರಿಂಗ್ ಪ್ರಾಜೆಕ್ಟ್: ಸಣ್ಣ ಪ್ರಶ್ನೆ, ಅಳೆದ ಉತ್ತರ

ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟ್ ವೈವಾದಲ್ಲಿ ವಿದ್ಯಾರ್ಥಿಗಳನ್ನು ತಬ್ಬಿಬ್ಬು ಮಾಡುವ ಪ್ರಶ್ನೆ ತೀರಾ ಸರಳವಾದದ್ದು. ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರು ವರದಿಯ ಯಾವುದೋ ಪುಟ ತೆರೆದು, ಅಲ್ಲಿನ ಒಂದು ಅಂಕಿಯ ಮೇಲೆ ಬೆರಳಿಟ್ಟು, 'ಇದು ಹೇಗೆ ಬಂತಪ್ಪಾ?' ಎನ್ನುತ್ತಾರೆ. ನಿಖರತೆ ಶೇ 98 ಎಂದೋ, ನೀರಿನ ಉಳಿತಾಯ ಶೇ 40 ಎಂದೋ ಅಲ್ಲಿ ಬರೆದಿರುತ್ತದೆ. ಯಾರು ಅಳೆದರು, ಯಾವ ಉಪಕರಣದಲ್ಲಿ ಅಳೆದರು, ಎಷ್ಟು ಸಲ ಅಳೆದರು ಎಂದು ಹೇಳಬಲ್ಲ ಬ್ಯಾಚು ಯಾವುದು, ಹೇಳಲಾಗದ್ದು ಯಾವುದು ಎಂಬುದು ಹತ್ತು ನಿಮಿಷದಲ್ಲಿ ತಿಳಿದುಹೋಗುತ್ತದೆ. ಮೋಟಾರು ತಿರುಗಿತೇ, ದೀಪ ಹೊತ್ತಿತೇ ಎನ್ನುವುದು ನಂತರದ ಮಾತು. ಪ್ರಾಜೆಕ್ಟಿನ ಬೆಲೆ ನಿಂತಿರುವುದು ಈ ಅಳತೆಯ ಮೇಲೆ ಎಂಬುದು ನನ್ನ ಖಚಿತ ಅಭಿಪ್ರಾಯ. ವಿಷಯದ ಆಯ್ಕೆ, ಸಮಯದ ಲೆಕ್ಕ, ಗೈಡ್ ಜತೆಗಿನ ಒಡನಾಟ, ವರದಿ, ಎಲ್ಲವನ್ನೂ ಆ ಕಡೆಯಿಂದ ನೋಡಿದರೆ ನಮ್ಮ ಕಾಲೇಜುಗಳಲ್ಲಿ ಈ ಕೆಲಸ ಎಲ್ಲಿ ಹಳಿ ತಪ್ಪುತ್ತಿದೆ ಎಂಬುದು ಕಾಣಿಸುತ್ತದೆ.

ಹಿನ್ನೆಲೆ ಸ್ವಲ್ಪ ಬೇಕು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಶುರುವಾದ ಮೇಲೆ ರಾಜ್ಯದ ಬಹುಪಾಲು ಎಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟ್ ನಿಯಮ ಒಂದೇ ಆಯಿತು. ಬಹಳ ವರ್ಷ ಅದು ಎಂಟನೇ ಸೆಮಿಸ್ಟರ್‌ನ ಕೆಲಸವಾಗಿತ್ತು. 2018ರ ಪಠ್ಯಕ್ರಮದಲ್ಲಿ ಮೊದಲ ಹಂತ ಏಳನೇ ಸೆಮಿಸ್ಟರ್‌ನಲ್ಲಿ, ಎರಡನೆಯದು ಎಂಟರಲ್ಲಿ. 2022ರ ಪಠ್ಯಕ್ರಮ ಇದನ್ನೂ ಹಿಂದಕ್ಕೆ ಸರಿಸಿತು: ಮೊದಲ ಹಂತ ಆರನೇ ಸೆಮಿಸ್ಟರ್‌ಗೆ ಬಂತು, ಮುಖ್ಯ ಹಂತ ಏಳಕ್ಕೆ, ಎಂಟನೆಯದನ್ನು ಇಂಟರ್ನ್‌ಶಿಪ್‌ಗೆ ಬಿಟ್ಟುಕೊಟ್ಟರು. ಕಾಗದದ ಮೇಲೆ ಇದು ಒಳ್ಳೆಯ ಏರ್ಪಾಡು. ಆದರೆ ಏಳನೇ ಸೆಮಿಸ್ಟರ್ ಎಂದರೆ ಕ್ಯಾಂಪಸ್ ಸೆಲೆಕ್ಷನ್ ಕಾವೇರುವ ಹೊತ್ತು. ಆಪ್ಟಿಟ್ಯೂಡ್ ಪರೀಕ್ಷೆ, ಕೋಡಿಂಗ್ ಸುತ್ತು, ಸಂದರ್ಶನಗಳ ನಡುವೆ ಪ್ರಾಜೆಕ್ಟಿಗೆ ಉಳಿಯುವುದು ಬಿಡುವಿನ ಸಂಜೆಗಳು ಮಾತ್ರ. ಹೊಸ ವೇಳಾಪಟ್ಟಿಯಲ್ಲಿ ಆರನೇ ಸೆಮಿಸ್ಟರ್ ಪೋಲು ಮಾಡಿದವರಿಗೆ ಆಮೇಲೆ ಸರಿಪಡಿಸಿಕೊಳ್ಳಲು ಜಾಗವೇ ಇಲ್ಲ.

ಇನ್ನೊಂದು ಪರಂಪರೆ ಇದಕ್ಕಿಂತ ಹಳೆಯದು, ಹೆಚ್ಚು ಆರೋಗ್ಯವಂತವಾದದ್ದು. 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿದೆ. ಅದರ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮ 1977-78ರಿಂದ ನಡೆದುಬಂದಿದೆ. ವಿದ್ಯಾರ್ಥಿಗಳು ಕಾಲೇಜಿನ ಮೂಲಕ ಪ್ರಸ್ತಾವ ಕಳಿಸುತ್ತಾರೆ. ಆಯ್ಕೆಯಾದವಕ್ಕೆ ಸಣ್ಣ ಮೊತ್ತದ ನೆರವು ಸಿಗುತ್ತದೆ. ಮಧ್ಯದಲ್ಲಿ ತಜ್ಞರ ಪರಿಶೀಲನೆ, ಕೊನೆಗೆ ರಾಜ್ಯಮಟ್ಟದ ವಿಚಾರ ಸಂಕಿರಣ ಮತ್ತು ಪ್ರದರ್ಶನ. ಕೆಲವು ಸಾವಿರ ರೂಪಾಯಿಯ ನೆರವು ದೊಡ್ಡದಲ್ಲ. ಆದರೆ ಕಾಲೇಜಿನ ಹೊರಗಿನ ಒಬ್ಬ ತಜ್ಞ ಕೆಲಸದ ನಡುವೆ ಬಂದು 'ಇದನ್ನು ಯಾಕೆ ಹೀಗೆ ಮಾಡಿದಿರಿ' ಎಂದು ಕೇಳುವುದು ದುಡ್ಡಿಗಿಂತ ಬೆಲೆಯುಳ್ಳದ್ದು. ಬೆಂಗಳೂರಿನಾಚೆಯ ಕಾಲೇಜುಗಳ ವಿದ್ಯಾರ್ಥಿ ಪ್ರಾಜೆಕ್ಟುಗಳಿಗಾಗಿ ರಾಜ್ಯ ಸರ್ಕಾರ ತಂದ 'ನೈನ್' ಯೋಜನೆಯೂ ಇದೆ. ಇಂಥ ಬಾಗಿಲುಗಳಿವೆ ಎಂಬುದೇ ಎಷ್ಟೋ ಬ್ಯಾಚುಗಳಿಗೆ ಗಡುವು ಮುಗಿದ ಮೇಲೆ ಗೊತ್ತಾಗುತ್ತದೆ. ಅದನ್ನು ತಿಳಿಸುವುದು ವಿಭಾಗದ ಹೊಣೆ.

ವಿಷಯದ ಆಯ್ಕೆಗೆ ಬರೋಣ. ಅರ್ಧ ಪ್ರಾಜೆಕ್ಟ್ ಸೋಲುವುದು ಇಲ್ಲಿಯೇ. 'ಸ್ಮಾರ್ಟ್ ಕೃಷಿ', 'ಸ್ಮಾರ್ಟ್ ಸಿಟಿ', 'ಮುಖ ಗುರುತಿಸಿ ಹಾಜರಾತಿ' ಎಂಬ ಶೀರ್ಷಿಕೆಗಳು ವರ್ಷವರ್ಷವೂ ಬರುತ್ತವೆ. ಶೀರ್ಷಿಕೆ ಹಳೆಯದಾದರೆ ತಪ್ಪಿಲ್ಲ. ಅದರೊಳಗೆ ಪ್ರಶ್ನೆಯೇ ಇರುವುದಿಲ್ಲ ಎನ್ನುವುದು ತೊಂದರೆ. ಸ್ಮಾರ್ಟ್ ಕೃಷಿಯನ್ನೇ ತೆಗೆದುಕೊಂಡು ಕಿರಿದು ಮಾಡಿ ನೋಡಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಕೆಪಾಸಿಟಿವ್ ತೇವಾಂಶ ಸೆನ್ಸರು ನಮ್ಮೂರ ಕೆಂಪು ಮಣ್ಣಿನಲ್ಲಿ ಎಷ್ಟು ಸರಿಯಾಗಿ ಓದುತ್ತದೆ? ಕಪ್ಪು ಮಣ್ಣಿನಲ್ಲಿ? ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕಾದರೆ ಎಲೆಕ್ಟ್ರಾನಿಕ್ಸ್ ವಿಭಾಗದ ಹುಡುಗರು ಸಿವಿಲ್ ವಿಭಾಗದ ಮಣ್ಣಿನ ಪ್ರಯೋಗಾಲಯಕ್ಕೆ ಹೋಗಬೇಕು. ಮಣ್ಣಿನ ಮಾದರಿ ತೂಗಿ, 105ರಿಂದ 110 ಡಿಗ್ರಿ ಸೆಲ್ಸಿಯಸ್ ಶಾಖದ ಓವನ್‌ನಲ್ಲಿ ಒಂದು ದಿನ ಒಣಗಿಸಿ ಮತ್ತೆ ತೂಗಬೇಕು. ಕಳೆದುಹೋದ ತೂಕವೇ ನಿಜವಾದ ನೀರು. ಅದನ್ನು ಸೆನ್ಸರಿನ ಓದಿನ ಪಕ್ಕದಲ್ಲಿಟ್ಟು ಗ್ರಾಫ್ ಎಳೆದರೆ ಆ ಜಿಲ್ಲೆಯ ಮಣ್ಣಿಗೆ ಒಪ್ಪುವ ಒಂದು ತಿದ್ದುಪಡಿ ಸೂತ್ರ ಸಿಗುತ್ತದೆ. ಎರಡು ಲೋಹದ ಕಡ್ಡಿಯ ಹಳೆಯ ಸೆನ್ಸರನ್ನೂ ಜತೆಗೆ ಹೂತಿಟ್ಟರೆ ವಿದ್ಯುದ್ವಿಭಜನೆಯಿಂದ ಆ ಕಡ್ಡಿಗಳು ಹೇಗೆ ಸವೆದುಹೋಗುತ್ತವೆ, ಓದು ವಾರದಿಂದ ವಾರಕ್ಕೆ ಹೇಗೆ ಜಾರುತ್ತದೆ ಎಂಬುದೂ ದಾಖಲಾಗುತ್ತದೆ. ಆ್ಯಪ್ ಇಲ್ಲ, ಕ್ಲೌಡ್ ಇಲ್ಲ. ಆದರೂ ಹನಿ ನೀರಾವರಿ ಹಾಕಿಸಿದ ರೈತನಿಗೆ ಉಪಯೋಗಕ್ಕೆ ಬರುವಂಥದ್ದು ಇದರಲ್ಲಿದೆ.

ಕಂಪ್ಯೂಟರ್ ವಿಜ್ಞಾನದವರು ಹೆಚ್ಚು ಎಡವುವ ಜಾಗ ಎಲೆರೋಗ ಪತ್ತೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಿಖರತೆಯ ಅಂಕಿ ಹೇಗೆ ಮೋಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. 'ಪ್ಲಾಂಟ್ ವಿಲೇಜ್' ಎಂಬ ಮುಕ್ತ ಚಿತ್ರಸಂಗ್ರಹದಲ್ಲಿ 14 ಬೆಳೆಗಳ 54,306 ಎಲೆಚಿತ್ರಗಳಿವೆ. ಬೆಳೆ ಮತ್ತು ರೋಗ ಸೇರಿ 38 ವರ್ಗ. ಮೊಹಾಂತಿ, ಹ್ಯೂಸ್, ಸಲಾಥೆ ಎಂಬ ಸಂಶೋಧಕರು 2016ರಲ್ಲಿ ಇದರ ಮೇಲೆ ಡೀಪ್ ಲರ್ನಿಂಗ್ ಮಾದರಿ ತರಬೇತುಗೊಳಿಸಿ ಶೇ 99.35ರ ನಿಖರತೆ ಪಡೆದರು. ನಮ್ಮ ವರದಿಗಳೆಲ್ಲ ಈ ಸಾಲನ್ನು ಎತ್ತಿಕೊಳ್ಳುತ್ತವೆ. ಅದೇ ಪ್ರಬಂಧದಲ್ಲಿ ಮುಂದಿರುವ ಮಾತನ್ನು ಬಿಡುತ್ತವೆ: ಬೇರೆ ಕಡೆಯಿಂದ ತಂದ, ಬೇರೆ ಸನ್ನಿವೇಶದಲ್ಲಿ ತೆಗೆದ ಚಿತ್ರಗಳನ್ನು ಅದೇ ಮಾದರಿಗೆ ಕೊಟ್ಟಾಗ ನಿಖರತೆ ಶೇ 31ರ ಆಸುಪಾಸಿಗೆ ಇಳಿಯಿತು. ಕಾರಣ ಊಹಿಸಬಹುದು. ಸಂಗ್ರಹದ ಚಿತ್ರಗಳಲ್ಲಿ ಎಲೆಯನ್ನು ಕಿತ್ತು, ಒಂದೇ ಬಣ್ಣದ ಹಿನ್ನೆಲೆಯ ಮೇಲಿಟ್ಟು ಫೋಟೊ ತೆಗೆದಿದ್ದಾರೆ. ತೋಟದಲ್ಲಿ ಎಲೆ ಹಾಗೆ ಮಲಗಿರುವುದಿಲ್ಲ.

ಮಲೆನಾಡಿನಲ್ಲಿ ಈಗ ಅಡಿಕೆಗೆ ಎಲೆಚುಕ್ಕಿ ರೋಗದ ಕಾಟ. ಶೃಂಗೇರಿ, ಕೊಪ್ಪ, ಹೊಸನಗರ, ತೀರ್ಥಹಳ್ಳಿ ಕಡೆಯ ಬೆಳೆಗಾರರು ನೊಂದಿದ್ದಾರೆ. ಅಲ್ಲಿಂದ ಬಂದ ವಿದ್ಯಾರ್ಥಿಗಳಿಗೆ ಇದು ಮನೆಯ ಸಂಕಟ. ಅವರು ಈ ವಿಷಯ ಆರಿಸಿಕೊಳ್ಳುವುದು ಸಹಜ, ಆರಿಸಿಕೊಳ್ಳಲೂ ಬೇಕು. ಆದರೆ ರೋಗದ ಎಲೆ ಇರುವುದು ತಲೆಯ ಮೇಲೆ ಎಷ್ಟೋ ಎತ್ತರದಲ್ಲಿ. ಕೆಳಗಿನಿಂದ ಮೊಬೈಲಿನಲ್ಲಿ ಹಿಡಿದರೆ ಆಕಾಶದ ಬೆಳಕಿಗೆ ಎಲೆ ಕಪ್ಪಾಗಿ, ಚುಕ್ಕಿಯೇ ಕಾಣುವುದಿಲ್ಲ. ಬೆಳಿಗ್ಗೆ ತೆಗೆದದ್ದು, ಮೋಡದಲ್ಲಿ ತೆಗೆದದ್ದು, ಬೋರ್ಡೊ ದ್ರಾವಣ ಸಿಂಪಡಿಸಿದ ಮೇಲೆ ನೀಲಿ ಕಲೆ ಕೂತಾಗ ತೆಗೆದದ್ದು, ಎಲ್ಲವೂ ಬೇರೆಬೇರೆ ಚಿತ್ರ. ಹೀಗಿರುವಾಗ ಐದು ತೋಟಗಳ ಚಿತ್ರ ಕೂಡಿಸಿ, ನಾಲ್ಕರಲ್ಲಿ ಕಲಿಸಿ, ಐದನೆಯದರಲ್ಲಿ ಪರೀಕ್ಷಿಸಿದ ಬ್ಯಾಚಿಗೆ ಶೇ 70 ಬಂದರೂ ಅದು ನಂಬಬಹುದಾದ ಅಂಕಿ. ಎಲ್ಲವನ್ನೂ ಕಲಸಿ ಯದ್ವಾತದ್ವಾ ಹಂಚಿದರೆ ಒಂದೇ ಮರದ ಎಲೆ ಕಲಿಕೆಯಲ್ಲೂ ಇರುತ್ತದೆ, ಪರೀಕ್ಷೆಯಲ್ಲೂ ಇರುತ್ತದೆ. ಆಗ ಬರುವ ಶೇ 98ರಲ್ಲಿ ಏನೂ ಹುರುಳಿಲ್ಲ. ಪರೀಕ್ಷಕರಾದ ನಾವು ಮೊದಲನೆಯ ಬ್ಯಾಚಿಗೆ ಹೆಚ್ಚು ಅಂಕ ಕೊಡಲು ಕಲಿಯದಿದ್ದರೆ ವಿದ್ಯಾರ್ಥಿಗಳು ಎರಡನೆಯ ದಾರಿಯನ್ನೇ ಹಿಡಿಯುತ್ತಾರೆ.

ತಂಡದ ಮಾತು ಚಿಕ್ಕದು. ಸಾಮಾನ್ಯವಾಗಿ ನಾಲ್ವರ ಬ್ಯಾಚು. ಸ್ನೇಹಕ್ಕಾಗಿ ಕೂಡಿಕೊಂಡವರಲ್ಲಿ ಒಬ್ಬರೋ ಇಬ್ಬರೋ ಕೆಲಸ ಮಾಡಿ, ಮಿಕ್ಕವರು ಪಿಪಿಟಿ ಮತ್ತು ಬೈಂಡಿಂಗ್ ನೋಡಿಕೊಳ್ಳುವುದು ಎಲ್ಲ ಕಾಲೇಜಿನ ಕಥೆ. ಕೆಲಸವನ್ನು ಭಾಗ ಮಾಡುವಾಗಲೇ ಪ್ರತಿಯೊಬ್ಬರ ಹೆಸರಿನಲ್ಲೂ ಅಳೆಯುವ ಒಂದು ಕೆಲಸ ಇರಲಿ ಎಂದು ಗೈಡ್ ಪಟ್ಟು ಹಿಡಿದರೆ ಇದು ಎಷ್ಟೋ ಕಡಿಮೆಯಾಗುತ್ತದೆ.

ಸಮಯದ ಲೆಕ್ಕ ಕಲಿಯಬೇಕೆಂದರೆ ಸಿವಿಲ್ ವಿಭಾಗವನ್ನು ನೋಡಬೇಕು. ಕಾಂಕ್ರೀಟು ಯಾರ ಗಡುವಿಗೂ ಕಾಯುವುದಿಲ್ಲ, ಯಾರ ಅವಸರಕ್ಕೂ ಬಗ್ಗುವುದಿಲ್ಲ. ಸಿಮೆಂಟಿನ ಒಂದು ಪಾಲನ್ನು ಹಾರುಬೂದಿಗೆ ಬದಲಿಸಿದರೆ ಕಾಂಕ್ರೀಟಿನ ಬಲ ಏನಾಗುತ್ತದೆ ಎಂಬ ಮಾಮೂಲಿ ಪ್ರಾಜೆಕ್ಟನ್ನೇ ತೆಗೆದುಕೊಳ್ಳಿ. ಶೇ 0, 5, 10, 15, 20 ಎಂದು ಐದು ಮಿಶ್ರಣ. ಪ್ರತಿಯೊಂದನ್ನೂ 7 ದಿನಕ್ಕೆ, 28 ದಿನಕ್ಕೆ ಒಡೆದು ನೋಡಬೇಕು. ಪ್ರತಿ ಸಲಕ್ಕೆ ಮೂರು ಕ್ಯೂಬು. ಅಲ್ಲಿಗೆ 30 ಕ್ಯೂಬು. 150 ಮಿಲಿಮೀಟರಿನ ಒಂದು ಕ್ಯೂಬು ಎಂಟು ಕಿಲೋ ತೂಗುತ್ತದೆ. ಒಟ್ಟು ಸುಮಾರು 240 ಕಿಲೋ ಕಾಂಕ್ರೀಟನ್ನು ಕಲಸಿ, ತುಂಬಿ, ಎತ್ತಿ, ನೀರಿನ ತೊಟ್ಟಿಯಲ್ಲಿಡಬೇಕು. ತುಂಬಿದ ಅಚ್ಚನ್ನು ಮರುದಿನದವರೆಗೆ ಬಿಚ್ಚುವಂತಿಲ್ಲ. ಪ್ರಯೋಗಾಲಯದಲ್ಲಿ ಇರುವ ಅಚ್ಚುಗಳಿಗೆ ಬೇರೆ ಬ್ಯಾಚಿನವರೂ ಕಾದಿರುತ್ತಾರೆ. ಇದಕ್ಕೂ ಮೊದಲು ಮರಳು ಜರಡಿ ಹಿಡಿಯುವುದು, ಸಿಮೆಂಟು ಮತ್ತು ಜಲ್ಲಿಯ ಸಾಪೇಕ್ಷ ಸಾಂದ್ರತೆ ಕಾಣುವುದು, 2019ರಲ್ಲಿ ಪರಿಷ್ಕರಿಸಿದ ಐಎಸ್ 10262ರ ಪ್ರಕಾರ ಮಿಶ್ರಣದ ಲೆಕ್ಕ ಹಾಕುವುದು. ಲೆಕ್ಕ ಹಾಕಿದ್ದು ಸರಿಯೇ ಎಂದು ಪ್ರಾಯೋಗಿಕ ಮಿಶ್ರಣ ಮಾಡಿ ನೋಡಿದರೆ ಅದಕ್ಕೂ 28 ದಿನ. ಅಂದರೆ ಎಂಟು ವಾರ ಬರೀ ನೀರಿನಲ್ಲೇ ಹೋಯಿತು. ಮೂರು ಕ್ಯೂಬುಗಳಲ್ಲಿ ಒಂದರ ಬಲ ಸರಾಸರಿಗಿಂತ ಶೇ 15ಕ್ಕೂ ಹೆಚ್ಚು ಆಚೀಚೆ ಆದರೆ ಆ ಫಲಿತಾಂಶ ಊರ್ಜಿತವಲ್ಲ, ಮತ್ತೆ ಎರಕ ಹಾಕಬೇಕು. ಹಾಗಾಗಿ ಸಿವಿಲ್ ಬ್ಯಾಚಿನವರು ವೈವಾ ದಿನದಿಂದ ಹಿಂದಕ್ಕೆ ಎಣಿಸಿ, ಕೊನೆಯ ಎರಕ ಯಾವತ್ತು ಬೀಳಬೇಕು ಎಂದು ಗುರುತು ಹಾಕಿಕೊಳ್ಳುತ್ತಾರೆ. ಹಾಗೆ ಮಾಡದವರು ಹೋದ ವರ್ಷದ ವರದಿಯ ಅಂಕಿ ನಕಲು ಮಾಡುತ್ತಾರೆ. ಅದಕ್ಕಿಂತ ದೊಡ್ಡ ಅಪಾಯ ಸೇತುವೆ ಕಟ್ಟಲು ಹೊರಟವರಿಗೆ ಬೇರೆ ಇಲ್ಲ.

ಬೇರೆ ವಿಭಾಗಗಳವರೂ ತಮ್ಮ ಕೆಲಸದಲ್ಲಿ ಇಂಥ '28 ದಿನ' ಯಾವುದು ಎಂದು ಮೊದಲೇ ಹುಡುಕಿಟ್ಟುಕೊಳ್ಳಬೇಕು. ಮೆಕ್ಯಾನಿಕಲ್‌ನವರಿಗೆ ಅದು ವರ್ಕ್‌ಶಾಪಿನ ಸರದಿ. ಬೆಳಗಾವಿಯ ಉದ್ಯಮಬಾಗ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಂಗಳೂರಿನ ಪೀಣ್ಯದ ಸಣ್ಣ ಕಾರ್ಖಾನೆಗಳವರು ವಿದ್ಯಾರ್ಥಿಗಳ ಕೆಲಸವನ್ನು ಬಿಡುವಿದ್ದಾಗ ಮಾಡಿಕೊಡುತ್ತಾರೆ. ಅವರ ಬಿಡುವು ಯಾವಾಗ ಎಂಬುದು ಯಾರ ಕೈಯಲ್ಲೂ ಇಲ್ಲ. ಡ್ರಾಯಿಂಗ್‌ನಲ್ಲಿ ಟಾಲರೆನ್ಸ್ ನಮೂದಿಸದೆ ಕೊಟ್ಟು, ಶಾಫ್ಟು ಬೇರಿಂಗಿಗೆ ಕೂರದೆ ವಾಪಸು ಒಯ್ಯುವುದು ಪ್ರತಿ ವರ್ಷದ ನೋಟ. ಕಂಪ್ಯೂಟರಿನವರಿಗೆ ಅದು ದತ್ತಾಂಶ ಸಂಗ್ರಹ.

ಎಲೆಕ್ಟ್ರಾನಿಕ್ಸ್‌ನವರಿಗೆ ಅದು ದೋಷ ಹುಡುಕುವ ಕೆಲಸ. ಇದನ್ನು ಹತ್ತಿರದಿಂದ ನೋಡಿದರೆ ಪ್ರಾಜೆಕ್ಟ್ ಯಾಕೆ ಬೇಕು ಎಂಬುದೇ ತಿಳಿಯುತ್ತದೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಆರ್ಡುಯಿನೊ ಬೋರ್ಡು, ಜತೆಗೆ ಸಿಮ್800ಎಲ್ ಎಂಬ ಜಿಎಸ್‌ಎಂ ಮಾಡ್ಯೂಲು ಕೊಂಡು ತಂದಿರುತ್ತಾರೆ. ನೀರಿನ ಟ್ಯಾಂಕು ತುಂಬಿದಾಗ ಎಸ್‌ಎಂಎಸ್ ಹೋಗಬೇಕು. ಮೇಜಿನ ಮೇಲೆ ಜೋಡಿಸುತ್ತಾರೆ, ಕೋಡ್ ಹಾಕುತ್ತಾರೆ, ಸಂದೇಶ ಹೋಗುವುದಿಲ್ಲ. ಕೋಡ್ ತಿದ್ದುತ್ತಾರೆ, ಇನ್ನೊಂದು ಮಾಡ್ಯೂಲು ತರುತ್ತಾರೆ, ಆಗಲೂ ಇಲ್ಲ. ಮಾಡ್ಯೂಲಿನ ಮೇಲಿರುವ ಪುಟ್ಟ ದೀಪ ಸೆಕೆಂಡಿಗೊಮ್ಮೆ ಮಿನುಗುತ್ತಿದ್ದರೆ ಅದಿನ್ನೂ ನೆಟ್‌ವರ್ಕ್ ಹುಡುಕುತ್ತಿದೆ, ಮೂರು ಸೆಕೆಂಡಿಗೊಮ್ಮೆ ಮಿನುಗಿದರೆ ಸಿಕ್ಕಿದೆ ಎಂದರ್ಥ. ಇಲ್ಲಿ ಕೆಲ ಸಲ ಮಿನುಗಿ, ನಿಂತು, ಮೊದಲಿನಿಂದ ಶುರುವಾಗುತ್ತಿರುತ್ತದೆ. ರೋಗ ಕೋಡಿನಲ್ಲಿಲ್ಲ, ವಿದ್ಯುತ್ತಿನಲ್ಲಿದೆ. ಈ ಮಾಡ್ಯೂಲಿಗೆ 3.4ರಿಂದ 4.4 ವೋಲ್ಟ್ ಬೇಕು. ಸಂಕೇತ ಕಳಿಸುವ ಕ್ಷಣದಲ್ಲಿ ಅದು 2 ಆಂಪಿಯರ್‌ವರೆಗೆ ಎಳೆಯುತ್ತದೆ. ಲ್ಯಾಪ್‌ಟಾಪಿನ ಯುಎಸ್‌ಬಿಯಿಂದ ಆರ್ಡುಯಿನೊ ಮೂಲಕ ಬರುವ ವಿದ್ಯುತ್ತು ಅದರ ಕಾಲು ಭಾಗಕ್ಕೂ ಸಾಲದು. ವೋಲ್ಟೇಜು ಕುಸಿಯುತ್ತದೆ, ಮಾಡ್ಯೂಲು ಆಫ್ ಆಗಿ ಮತ್ತೆ ಏಳುತ್ತದೆ. 4 ವೋಲ್ಟಿಗೆ ಹೊಂದಿಸಿದ ಒಂದು ಬಕ್ ಕನ್ವರ್ಟರು, ಮಾಡ್ಯೂಲಿನ ಪಕ್ಕದಲ್ಲೇ 1000 ಮೈಕ್ರೊಫ್ಯಾರಡ್ ಕೆಪಾಸಿಟರು, ಗಿಡ್ಡನೆಯ ದಪ್ಪ ತಂತಿ, ಎರಡಕ್ಕೂ ಒಂದೇ ಗ್ರೌಂಡು: ಇಷ್ಟಾದರೆ ಸರಿಹೋಗುತ್ತದೆ. ಇಷ್ಟಾದ ಮೇಲೂ ಸಂದೇಶ ಹೋಗದಿದ್ದರೆ ಒಳಗಿರುವುದು ಜಿಯೊ ಸಿಮ್ ಇರಬಹುದು. ಆ ಕಂಪನಿಗೆ 2ಜಿ ಜಾಲವಿಲ್ಲ, ಈ ಮಾಡ್ಯೂಲಿಗೆ 2ಜಿ ಬಿಟ್ಟು ಬೇರೆ ತಿಳಿಯದು.

ಮಲ್ಟಿಮೀಟರು ಹಿಡಿದು ಇದನ್ನು ತಾನೇ ಕಂಡುಕೊಂಡ ಹುಡುಗಿಗೆ ವಿದ್ಯುತ್ ಪೂರೈಕೆಯ ಪಾಠ ಇನ್ನು ಮರೆಯುವುದಿಲ್ಲ. ತಪ್ಪಿದ ಪ್ರಯತ್ನಗಳನ್ನೂ ವರದಿಯಲ್ಲಿ ಬರೆಯಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೆ. ನಾವು ಅಂಥದ್ದನ್ನು ಅಳಿಸಿಹಾಕಿ, ಎಲ್ಲವೂ ಮೊದಲ ಸಲಕ್ಕೇ ಸರಿಹೋಯಿತು ಎಂಬಂತೆ ಬರೆಸುತ್ತೇವೆ. ತಾರೀಖು ಹಾಕಿದ ಒಂದು ನೋಟ್‌ಬುಕ್ಕಿನಲ್ಲಿ ಅಂದಂದಿನ ಓದು, ಅಂದಂದಿನ ಎಡವಟ್ಟು ಬರೆದಿಟ್ಟರೆ ಕೊನೆಯ ತಿಂಗಳಲ್ಲಿ ವರದಿ ಬರೆಯುವ ಕಷ್ಟ ಮುಕ್ಕಾಲು ಪಾಲು ಇರುವುದಿಲ್ಲ.

ಪ್ರಾಜೆಕ್ಟನ್ನು ದುಡ್ಡು ಕೊಟ್ಟು ಕೊಳ್ಳುವ ಪಿಡುಗಿನ ಬಗ್ಗೆ ಮಾತನಾಡದೆ ಈ ಸಮೀಕ್ಷೆ ಪ್ರಾಮಾಣಿಕವಾಗದು. ದೊಡ್ಡ ಊರುಗಳಲ್ಲೆಲ್ಲ ಕಿಟ್, ಕೋಡ್, ವರದಿ, ಪಿಪಿಟಿ ಎಲ್ಲ ಸೇರಿಸಿ ಮಾರುವ ಸೆಂಟರುಗಳಿವೆ; ವೈವಾಕ್ಕೆ ಏನು ಕೇಳುತ್ತಾರೆ, ಏನು ಹೇಳಬೇಕು ಎಂಬ ತರಬೇತಿಯೂ ಅದರಲ್ಲೇ ಸೇರಿದೆ. ಒಂದೇ ಪೆಟ್ಟಿಗೆ ಈ ವರ್ಷ ಒಂದು ಜಿಲ್ಲೆಯಲ್ಲಿ, ಬರುವ ವರ್ಷ ಇನ್ನೊಂದರಲ್ಲಿ ಪ್ರದರ್ಶನವಾಗುತ್ತದೆ. ವಿದ್ಯಾರ್ಥಿಗಳ ಸೋಮಾರಿತನ ಎಂದು ಬೈದು ಸುಮ್ಮನಾಗುವುದು ಸುಲಭ. ನಾನು ಅದನ್ನು ಒಪ್ಪುವುದಿಲ್ಲ. ಪ್ರಯೋಗಾಲಯಕ್ಕೆ ಸಂಜೆ ನಾಲ್ಕೂವರೆಗೆ ಬೀಗ ಬೀಳುತ್ತದೆ. ಹಳ್ಳಿಯಿಂದ ಬಸ್ ಪಾಸಿನಲ್ಲಿ ಬರುವವರಿಗೆ ಕೊನೆಯ ಬಸ್ಸಿನ ಚಿಂತೆ. ಹೆಣ್ಣುಮಕ್ಕಳ ಹಾಸ್ಟೆಲಿನ ಗೇಟು ಬೇಗ ಮುಚ್ಚುತ್ತದೆ. ಗೈಡ್ ಆದವರಿಗೆ ನಾಲ್ಕೈದು ಬ್ಯಾಚು, ಪಾಠ, ಮೌಲ್ಯಮಾಪನ, ಮಾನ್ಯತೆಯ ಕಡತಗಳು. ರಿವ್ಯೂ ದಿನ ಒಂದು ಬ್ಯಾಚಿಗೆ ಐದು ನಿಮಿಷ ಸಿಕ್ಕರೆ ಹೆಚ್ಚು. ಆ ಐದು ನಿಮಿಷದಲ್ಲಿ ಕೇಳುವುದು 'ಎಷ್ಟು ಪರ್ಸೆಂಟ್ ಆಯ್ತು?' ಎಂದು. ಕೊಂಡು ತಂದವರು ಯಾವಾಗಲೂ ಮುಂದಿರುತ್ತಾರೆ, ತಾವೇ ಮಾಡುವವರು ಯಾವಾಗಲೂ ಹಿಂದಿರುತ್ತಾರೆ. ನಮ್ಮ ಪರಿಶೀಲನೆಯ ರೀತಿಯೇ ಕೊಳ್ಳುವವರ ಪಕ್ಷದಲ್ಲಿದೆ. ಆ ದುಡ್ಡು ಬರುವುದು ಹೊಲ ಅಡವಿಟ್ಟು ಫೀಸು ಕಟ್ಟಿದ ಅಪ್ಪನ ಜೇಬಿನಿಂದ ಎಂಬುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಕೋಡು ಮತ್ತು ವರದಿ ಬರೆಸಿಕೊಳ್ಳಲು ಅಂಗಡಿಗೆ ಹೋಗುವ ಅಗತ್ಯವೂ ಕಡಿಮೆಯಾಗಿದೆ. ಅದನ್ನು ನಿಷೇಧಿಸಿ ಪ್ರಯೋಜನವಿಲ್ಲ. ಕೆಲಸದ ಲೋಕದಲ್ಲಿ ಎಲ್ಲರೂ ಬಳಸುತ್ತಿದ್ದಾರೆ. ವೈವಾದಲ್ಲಿ ಕೂಡಿಸಿ, 'ಟ್ಯಾಂಕು ತುಂಬಿದಾಗಿನ ಬದಲು ಅರ್ಧವಾದಾಗ ಸಂದೇಶ ಹೋಗಲಿ, ಇಲ್ಲೇ ತಿದ್ದಿ ತೋರಿಸಿ' ಎಂದರೆ ಸಾಕು, ಕೋಡು ಯಾರ ತಲೆಯಲ್ಲಿದೆ ಎಂಬುದು ಗೊತ್ತಾಗುತ್ತದೆ. ಯಂತ್ರ ಕೋಡ್ ಬರೆದುಕೊಡಬಹುದು. ಹೊಸನಗರದ ತೋಟಕ್ಕೆ ಹೋಗಿ ಫೋಟೊ ತೆಗೆದುಕೊಂಡು ಬರಲಾರದು, ಓವನ್‌ನಲ್ಲಿ ಮಣ್ಣು ಒಣಗಿಸಲಾರದು. ಅಳೆಯುವ ಭಾಗ ಹೆಚ್ಚಿದ್ದಷ್ಟೂ ಪ್ರಾಜೆಕ್ಟ್ ವಿದ್ಯಾರ್ಥಿಯದೇ ಆಗಿ ಉಳಿಯುತ್ತದೆ.

ನಕಲಿನ ವಿಚಾರದಲ್ಲಿ ನಿಯಮಗಳಿಗೇನೂ ಕೊರತೆಯಿಲ್ಲ. ಯುಜಿಸಿಯ 2018ರ ನಿಯಮಾವಳಿ ಸ್ನಾತಕೋತ್ತರ ಮತ್ತು ಸಂಶೋಧನಾ ಪ್ರಬಂಧಗಳಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡ ಹಾಕುವುದಿಲ್ಲ, ಶೇ 10ರಿಂದ 40ರೊಳಗಾದರೆ ತಿದ್ದಿ ಮರುಸಲ್ಲಿಸಲು ಹೇಳುತ್ತದೆ, ಶೇ 60 ದಾಟಿದರೆ ನೋಂದಣಿಯನ್ನೇ ರದ್ದು ಮಾಡಬಹುದು ಎನ್ನುತ್ತದೆ. ಆದರೆ ಸಾಫ್ಟ್‌ವೇರ್ ಹಿಡಿಯುವುದು ಪದಗಳ ಹೋಲಿಕೆಯನ್ನು ಮಾತ್ರ. ಕಲ್ಪಿಸಿ ಬರೆದ ಅಂಕಿಯನ್ನು ಅದು ಹಿಡಿಯಲಾರದು.

ಭಾಷೆಯ ಮಾತೂ ಇಲ್ಲೇ ಬರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗ ತಾನೇ ಬೆಸುಗೆ ಹಾಕಿ ಕಟ್ಟಿದ ಯಂತ್ರದ ಬಗ್ಗೆ ಇಂಗ್ಲಿಷಿನಲ್ಲಿ ಎರಡು ವಾಕ್ಯ ಹೇಳಲಾರದೆ ನಿಲ್ಲುತ್ತಾನೆ. ಪಕ್ಕದಲ್ಲಿ ಬಾಯಿಪಾಠ ಮಾಡಿದವನು ಅಂಕ ಪಡೆಯುತ್ತಾನೆ. ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಎಐಸಿಟಿಇ 2021ರಲ್ಲಿ ಅನುಮತಿ ಕೊಟ್ಟಿದೆ. ಅಷ್ಟು ದೂರ ಹೋಗುವುದು ಬೇಡ, 'ಕನ್ನಡದಲ್ಲೇ ಹೇಳಪ್ಪಾ' ಎಂದು ಪರೀಕ್ಷಕರು ಅಂದರೆ ಸಾಕು, ಎಷ್ಟೋ ಬ್ಯಾಚುಗಳ ನಿಜವಾದ ಯೋಗ್ಯತೆ ಹೊರಬರುತ್ತದೆ. ರೈತರಿಗೆ, ಕುಶಲಕರ್ಮಿಗಳಿಗೆ ಸಂಬಂಧಿಸಿದ ಪ್ರಾಜೆಕ್ಟುಗಳ ವರದಿಯಲ್ಲಿ ನಾಲ್ಕು ಪುಟದ ಕನ್ನಡ ಸಾರಾಂಶ ಕಡ್ಡಾಯವಾಗಬೇಕು. ಯಾರಿಗಾಗಿ ಮಾಡಿದ್ದೋ ಅವರು ಓದಲಾಗದ ವರದಿ ಅರ್ಧ ಕೆಲಸ.

ವೈವಾ ಮುಗಿದ ಮರುದಿನ ಏನಾಗುತ್ತದೆ ಎಂಬ ಪ್ರಶ್ನೆ ಉಳಿಯಿತು. ಬೈಂಡ್ ಮಾಡಿಸಿ ಬಂಗಾರದ ಅಕ್ಷರ ಹಾಕಿಸಿದ ವರದಿಗಳು ವಿಭಾಗದ ಕಪಾಟಿಗೆ ಹೋಗುತ್ತವೆ, ಮಾದರಿ ಮೂಲೆ ಸೇರುತ್ತದೆ. ಮುಂದಿನ ಬ್ಯಾಚು ಅದೇ ಟ್ಯಾಂಕಿಗೆ ಅದೇ ಸೆನ್ಸರು ಕಟ್ಟಿ, ಅದೇ ತಪ್ಪನ್ನು ಮೊದಲಿನಿಂದ ಮಾಡುತ್ತದೆ. ಬೇರೆ ರೀತಿ ಸಾಧ್ಯ ಎಂಬುದಕ್ಕೆ ಸಾಕ್ಷಿ ನಮ್ಮಲ್ಲೇ ಇದೆ. ಕರ್ನಾಟಕ ಮತ್ತು ಆಂಧ್ರಪ್ರದೇಶದ ಏಳು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಸೇರಿ, ಬೆಂಗಳೂರಿನ ನಿಟ್ಟೆ ಮೀನಾಕ್ಷಿ ತಾಂತ್ರಿಕ ಸಂಸ್ಥೆಯನ್ನು ಕೇಂದ್ರವಾಗಿಟ್ಟುಕೊಂಡು, 'ಸ್ಟಡ್‌ಸ್ಯಾಟ್' ಎಂಬ ಒಂದು ಕಿಲೋಕ್ಕಿಂತ ಕಡಿಮೆ ತೂಕದ ಉಪಗ್ರಹ ಕಟ್ಟಿದರು. 2010ರ ಜುಲೈ 12ರಂದು ಪಿಎಸ್‌ಎಲ್‌ವಿ-ಸಿ15 ಅದನ್ನು ಶ್ರೀಹರಿಕೋಟಾದಿಂದ ಕಕ್ಷೆಗೆ ಒಯ್ದಿತು. 2016ರ ಸೆಪ್ಟೆಂಬರ್ 26ರಂದು ಪಿಇಎಸ್ ವಿಶ್ವವಿದ್ಯಾಲಯದ 'ಪೈಸ್ಯಾಟ್' ಪಿಎಸ್‌ಎಲ್‌ವಿ-ಸಿ35ರಲ್ಲಿ ಹೋಯಿತು. ಇಂಥವು ಒಂದು ವರ್ಷದಲ್ಲಿ ಮುಗಿಯುವ ಕೆಲಸಗಳಲ್ಲ. ಹಿರಿಯರು ಹೋಗುವಾಗ ಕಿರಿಯರ ಕೈಗೆ ನಕ್ಷೆ, ಅಳತೆ, ಕೋಡು ಒಪ್ಪಿಸಿ ಹೋದರೆ ಮಾತ್ರ ಇವು ನಡೆಯುತ್ತವೆ.

ಉಪಗ್ರಹಕ್ಕೆ ಆಗುವುದು ಎಲೆಚುಕ್ಕಿಗೂ ಆಗಬೇಕು. ಮೊದಲ ಬ್ಯಾಚು ಐದು ತೋಟದ ಚಿತ್ರ ಸಂಗ್ರಹಿಸಿ, ತೋಟಗಾರಿಕೆ ತಜ್ಞರಿಂದ ರೋಗದ ಗುರುತು ಹಾಕಿಸಿ ಬಿಟ್ಟುಹೋಗಲಿ. ಅಷ್ಟೇ ಒಂದು ಪೂರ್ಣ ಪ್ರಾಜೆಕ್ಟ್ ಎಂದು ವಿಶ್ವವಿದ್ಯಾಲಯ ಒಪ್ಪಲಿ. ಎರಡನೆಯ ಬ್ಯಾಚು ಮಾದರಿ ಕಟ್ಟಲಿ, ಮೂರನೆಯದು ಅದನ್ನು ಇಂಟರ್ನೆಟ್ ಸಿಗದ ತೋಟದಲ್ಲೂ ಮೊಬೈಲಿನಲ್ಲಿ ಓಡುವಂತೆ ಮಾಡಲಿ. ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ತಾನು ನೆರವು ಕೊಟ್ಟ ಪ್ರಾಜೆಕ್ಟುಗಳ ಸಾರಾಂಶಗಳನ್ನು ಜಾಲತಾಣದಲ್ಲಿ ಇಡುತ್ತ ಬಂದಿದೆ. ಪ್ರತಿ ವಿಭಾಗವೂ ಒಂದು ಹೆಜ್ಜೆ ಮುಂದೆ ಹೋಗಿ, ಕಚ್ಚಾ ಅಳತೆಗಳು, ಸರ್ಕ್ಯೂಟ್ ನಕ್ಷೆ, ಸಾಮಾನಿನ ಬಿಲ್ಲು, ಕೈಗೂಡದ ಪ್ರಯತ್ನಗಳ ಟಿಪ್ಪಣಿ ಇವಿಷ್ಟನ್ನೂ ಒಂದು ಕಡತದಲ್ಲಿ ಜೋಡಿಸಿಟ್ಟು ಆರನೇ ಸೆಮಿಸ್ಟರ್‌ನ ಮೊದಲ ವಾರವೇ ಮಕ್ಕಳ ಮುಂದಿಡಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಸರ್ಕಾರದ ಆದೇಶ ಬೇಡ. ಪ್ರಾಜೆಕ್ಟ್ ಸಂಯೋಜಕರೊಬ್ಬರು ಮನಸ್ಸು ಮಾಡಿದರೆ ಈ ಸೆಮಿಸ್ಟರಿನಿಂದಲೇ ಶುರುಮಾಡಬಹುದು.